ಬರಿಗೈ

ಅತ್ತೆಯ ಮನೆಯ ಹಿತ್ತಲಿಂದ ಏಳುತ್ತಿದ್ದ ಹೊಗೆ ಕಡಲಿನ ನಡುವೆ ಕೂತವನಿಗೂ ಕಾಣುತ್ತಿತ್ತು. ತೇಸಿಕ್ ಅಲೆಯ ಮೇಲೆ ಜಾರುವ ಹಲಗೆಯ ಎರಡೂ ಬದಿಗೆ ಕಾಲು ಇಳಿಬಿಟ್ಟು, ತನಗೂ ಆ ಹೊಗೆಗೂ ಯಾವ ನಂಟೂ ಇಲ್ಲದವನ ಹಾಗೆ ಮುಖವನ್ನು ಪೂರ್ವಕ್ಕೆ ಮಾಡಿ ಕೂತಿದ್ದ. ಆದರೆ ಒಂದೊಂದು ಅಲೆ ಎತ್ತಿ ಇಳಿಸುವಾಗಲೂ ಕತ್ತು ತಾನಾಗಿ ದಡದ ಕಡೆ ಹೊರಳುತ್ತಿತ್ತು. ಹಂಡೆಯಲ್ಲಿ ಈಗ ಹಂದಿಮಾಂಸ ಬೇಯುತ್ತಿರುತ್ತದೆ, ಉನ್‌ಜು ಅಂಗಿಯ ತೋಳು ಮಡಚಿಕೊಂಡು ಕಿಮ್ಚಿಗೆ, ವರ್ಷಕ್ಕಾಗುವ ಕೋಸಿನ ಉಪ್ಪಿನಕಾಯಿಗೆ, ಮೂಲಂಗಿ ಹೆರೆಯುತ್ತಿರುತ್ತಾಳೆ, ಅಕ್ಕಪಕ್ಕದವರು ಎಲ್ಲಿ ನಿನ್ನ ಗಂಡ ಎಂದು ಕೇಳಿರುತ್ತಾರೆ, ಗುಡ್ಡದಾಚೆಯ ಚುಂಚನ್‌ಗೆ ಹೋಗಿದ್ದಾರೆ, ಆಫೀಸಿನ ಟ್ರೇನಿಂಗು ಎಂದು ಅವಳು ಹೇಳಿರುತ್ತಾಳೆ. ತಾನು ಆಡಿದ ಸುಳ್ಳಿಗಿಂತ ಹೆಂಡತಿ ನಂಬಿ ದಾಟಿಸಿದ ಸುಳ್ಳು ಹೆಚ್ಚು ಭಾರವೆನಿಸಿತು ಅವನಿಗೆ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಒಣಗಿಸಿದ ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿ ಬುತ್ತಿ ಕಟ್ಟಿದ್ದಳು. "ವರ್ಷಕ್ಕೊಂದು ದಿನ ಕಿಮ್ಚಿ ಹಾಕೋದು, ಅವತ್ತೇ ಬರ್ಬೇಕಾ ನಿಮ್ಮ ಟ್ರೇನಿಂಗು" ಎಂದು ಒಂದೇ ಮಾತು ಅಂದಿದ್ದಳು. ಆ ಬುತ್ತಿಯನ್ನು ಹನ್ನೊಂದು ಗಂಟೆಗೆ, ಅವಳ ತವರಿನಿಂದ ಮುನ್ನೂರು ಹೆಜ್ಜೆ ದೂರದಲ್ಲಿ, ಮಂಜುಗಡ್ಡೆ ಗೋದಾಮಿನ ಹಿಂದೆ ಮರೆಸಿ ನಿಲ್ಲಿಸಿದ ವ್ಯಾನಿನಲ್ಲಿ ಕೂತು ಅವನು ತಿಂದಿದ್ದ. ಬೇರೆ ಕಡೆ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ಅವನ ಹತ್ತಿರ ಉತ್ತರವಿತ್ತು: ಈಶಾನ್ಯದ ಗಾಳಿ ಬೀಸುವ ದಿನ ಇಡೀ ಕರಾವಳಿಯಲ್ಲಿ ಅಲೆ ಒಡೆಯದೆ ಉದ್ದಕ್ಕೂ ಗೋಡೆಯ ಹಾಗೆ ನಿಲ್ಲುವುದು ಸೊಲ್‌ಜಿನ್‌ನ ಈ ಕೊಲ್ಲಿಯಲ್ಲಿ ಮಾತ್ರ. ಆದರೆ ಅಂಥ ಪ್ರಶ್ನೆಯನ್ನು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಹೋಬಳಿ ಕಚೇರಿಯ ಗುಮಾಸ್ತನಿಗೆ ಜನ ಕೇಳುವುದು ಸರ್ಟಿಫಿಕೇಟು ಯಾವಾಗ ಸಿಗುತ್ತೆ ಎಂದಷ್ಟೆ.

ಚಳಿಯ ವಿಷಯದಲ್ಲಿ ಮಾತ್ರ ಅವನು ಅಚ್ಚುಕಟ್ಟಿನ ಮನುಷ್ಯ. ಬದುಕಿನಲ್ಲಿ ಮತ್ತೆಲ್ಲೂ ಇಲ್ಲದ ಶಿಸ್ತು ಅದರಲ್ಲಿತ್ತು. ರಬ್ಬರ್ ಉಡುಪಿನ ಒಳಗೆ ತೆಳ್ಳನೆಯ ಉಣ್ಣೆಯ ಬನಿಯನ್ನು, ಕೆನ್ನೆಗೆ ಮೂಗಿಗೆ ಕೊಬ್ಬಿನ ಮುಲಾಮು, ಕಾಲಿಗೆ ಹಾಕುವ ಮೊದಲು ಬೂಟಿನೊಳಗೆ ಒಂದು ಲೋಟ ಬಿಸಿನೀರು, ವ್ಯಾನಿನಲ್ಲಿ ಎರಡು ಫ್ಲಾಸ್ಕು: ಒಂದು ಕುಡಿಯಲು ಜವೆಗೋಧಿ ನೀರು, ಇನ್ನೊಂದು ಮೈಮೇಲೆ ಸುರಿದುಕೊಳ್ಳಲು. ರಾಜಧಾನಿ ಸೋಲ್‌ನಿಂದ ಅಲೆ ಹಿಡಿಯಲು ಬರುವ ಹುಡುಗರಿಗೆ ಅವನೇ ಹೇಳಿಕೊಡುತ್ತಿದ್ದ. "ಚಳಿ ಆಗೋಕೆ ಮುಂಚೆ ಹೊರಗೆ ಬಂದ್ಬಿಡ್ಬೇಕು. ಚಳಿ ಆದ್ಮೇಲೆ ಬರೋಣ ಅನ್ನೋಷ್ಟು ಬುದ್ಧಿ ಉಳಿದಿರಲ್ಲ." ಅವರು ಅವನ ಮಾತಿಗೆ ತಲೆಯಾಡಿಸುತ್ತ ಅವನ ಕೈ ನೋಡುತ್ತಿದ್ದರು. ಯಾಕೆಂದರೆ ಇಷ್ಟೆಲ್ಲ ಹೇಳಿಕೊಡುವ ಮನುಷ್ಯ ತಾನು ಗ್ಲೌಸು ಹಾಕುತ್ತಿರಲಿಲ್ಲ. ಎರಡು ಚಳಿಗಾಲದಿಂದ ಬರಿಗೈಯಲ್ಲೇ ನೀರಿಗೆ ಇಳಿಯುತ್ತಿದ್ದ. 'ಬರಿಗೈ ಅಣ್ಣ' ಎಂದು ಅವನಿಗೊಂದು ಹೆಸರೇ ಬಿದ್ದಿತ್ತು. "ಅಣ್ಣನ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ಕುದಿಯೋ ಎಣ್ಣೆ" ಎಂದು ಒಬ್ಬ ಹುಡುಗಿ ಅಂದಾಗ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ನಕ್ಕ ಮೇಲೆ ವ್ಯಾನಿಗೆ ಹೋಗಿ ಬೆರಳುಗಳನ್ನು ತೊಡೆಯ ಸಂದಿಗೆ ಸೇರಿಸಿಕೊಂಡು, ಜೀವ ಮರಳುವಾಗಿನ ಆ ನೋವು ಮೊಳೆ ಹೊಡೆದಂತೆ ಬರುವುದನ್ನು ಕಾಯುತ್ತ ಕೂತಿದ್ದ. ಅದು ಬಂದಾಗ ಒಂದು ಥರದ ಸಮಾಧಾನ. ಶಿಕ್ಷೆಯೆಂದು ತಾನೇ ಕರೆದುಕೊಳ್ಳಲೂ ಅವನಿಗೆ ಧೈರ್ಯವಿರಲಿಲ್ಲ, ಹಾಗೆ ಕರೆದರೆ ತಪ್ಪಿಗೂ ಒಂದು ಹೆಸರು ಇಡಬೇಕಾಗುತ್ತಿತ್ತು. ಆ ತಪ್ಪು ಬಹಳ ಸಣ್ಣದು, ಎರಡು ಶಬ್ದದ್ದು. ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಿಗ್ಗೆ ಜಪಾನಿನಿಂದ ತರಿಸಿದ ಹೊಸ ಗ್ಲೌಸು ಬಂದಿತ್ತು, ಪೊಟ್ಟಣ ಒಡೆದಾಗಿನ ರಬ್ಬರ್ ವಾಸನೆ ಇನ್ನೂ ವ್ಯಾನಿನಲ್ಲಿತ್ತು, ಆಗ ಹೆಂಡತಿಯ ತಮ್ಮ ಚಾಂಗ್‌ಹೊ ಬಂದು, "ಭಾವ, ನಂದು ಮನೇಲೇ ಬಿಟ್ಟು ಬಂದೆ, ಒಂದು ಜೊತೆ ಇದ್ರೆ ಕೊಡಿ" ಅಂದ. ಹಳೆಯ ಜೊತೆಯ ಎಡಗೈ ಗ್ಲೌಸು ಹೆಬ್ಬೆರಳಿನ ಸಂದಿಯಲ್ಲಿ ಬಿಟ್ಟಿತ್ತು. ಎರಡು ಸಲ ಅಂಟು ಹಾಕಿ ಎರಡು ಸಲವೂ ಬಿಟ್ಟಿತ್ತು. ಅದನ್ನು ಹೇಳಬೇಕೆಂದು ನಾಲಗೆಯ ತುದಿಗೆ ಬಂತು. ಹೇಳಿದರೆ ಹೊಸದನ್ನು ಕೊಡಬೇಕು, ಹೆಂಡತಿಯ ತಮ್ಮನಿಗೆ ತೂತಿನದನ್ನು ಕೊಟ್ಟು ತಾನು ಹೊಸದು ಹಾಕಿಕೊಳ್ಳುವುದು ಹೇಗೆ. ಅಷ್ಟೆಲ್ಲ ಯೋಚಿಸುವಷ್ಟು ಹೊತ್ತೂ ಇರಲಿಲ್ಲ. "ತಗೋ, ಹಳೇದು. ಗಟ್ಟಿ ಇದೆ" ಅಂದುಬಿಟ್ಟ.

ಅಲೆಗಳ ಮಧ್ಯದ ಬಿಡುವಿನಲ್ಲಿ ಇಂಜಿನಿನ ಟಕಟಕ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅತ್ತೆಯ ಮನೆಯ ಸಣ್ಣ ಟಿಲ್ಲರ್ ಗಾಡಿ ಗೋದಾಮು ದಾಟಿ ದಡಕ್ಕೆ ಇಳಿಯುತ್ತಿತ್ತು, ಅದರ ಹಿಂದೆ ಹೂವಿನ ಚಿತ್ರದ ದಪ್ಪ ಪಾಯಿಜಾಮ ತೊಟ್ಟ ಐದಾರು ಹೆಂಗಸರು. ಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಅತ್ತೆ ಪ್ರತಿ ವರ್ಷ ಹಿತ್ತಲಿನ ತೊಟ್ಟಿಯಲ್ಲೇ ಕೋಸು ಉಪ್ಪಿಗೆ ಹಾಕುವುದು. ಆಮೇಲೆ, ಹೋದ ವಾರ ಊಟಕ್ಕೆ ಕೂತಾಗ ಉನ್‌ಜು ಏನೋ ಹೇಳಿದ್ದು, ತಾನು ಮೊಬೈಲಿನಲ್ಲಿ ಗಾಳಿಯ ದಿಕ್ಕು ನೋಡುತ್ತ ಹೂಂಗುಟ್ಟಿದ್ದು ನೆನಪಾಯಿತು. 'ಅಮ್ಮ ಈ ಸಲ ಹಿಂದಿನ ಕಾಲದ ಹಾಗೆ ಕಡಲಲ್ಲೇ ಕೋಸು ನೆನೆಸ್ತಾಳಂತೆ.' ದೋಣಿ ಕಟ್ಟುವ ಕಲ್ಲುಕಟ್ಟೆಯ ಒಳಮಗ್ಗುಲಲ್ಲಿ ಬಲೆಚೀಲಗಳನ್ನು ಇಳಿಬಿಟ್ಟಿದ್ದು ಬೆಳಿಗ್ಗೆ ಅವನ ಕಣ್ಣಿಗೂ ಬಿದ್ದಿತ್ತು, ಯಾರದೋ ಚಿಪ್ಪಿನ ಚೀಲವೆಂದುಕೊಂಡು ದಾಟಿ ಬಂದಿದ್ದ. ಹೆಂಗಸರು ಕಟ್ಟೆಯ ಇಳಿಜಾರಿನಲ್ಲಿ ಸಾಲಾಗಿ ಕೂತರು. ನೀರಿನಿಂದ ಮೇಲೆ ಹತ್ತುವ ದಾರಿ ಅದೊಂದೇ. ಉತ್ತರಕ್ಕೆ ಬಂಡೆ, ಬಂಡೆಯ ಮೇಲೆ ಸೈನ್ಯದವರ ಮುಳ್ಳುತಂತಿ, ದಕ್ಷಿಣಕ್ಕೆ ಸುಳಿ. ಅವನು ತಲೆಯ ಕಪ್ಪು ಟೊಪ್ಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಇಷ್ಟು ದೂರಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಕಪ್ಪು ಉಡುಪಿನ ಯಾವನೋ ಒಬ್ಬ ಸೋಲ್ ನಗರದ ಹುಚ್ಚ. ಹಾಗೆಂದುಕೊಂಡಾಗಲೇ, ಹೆಂಗಸರ ನಡುವೆ ಗುಲಾಬಿ ರಬ್ಬರ್ ಗ್ಲೌಸು ತೊಟ್ಟು ಬಗ್ಗಿದ್ದವಳೊಬ್ಬಳು ಸೊಂಟ ಹಿಡಿದುಕೊಂಡು ನೆಟ್ಟಗಾದ ರೀತಿಯಿಂದ ಅವಳು ಉನ್‌ಜು ಎಂದು ಇಷ್ಟು ದೂರದಿಂದಲೇ ಅವನಿಗೆ ಗೊತ್ತಾಯಿತು. ತನಗೆ ಗೊತ್ತಾಗುವುದಾದರೆ ಅವಳಿಗೂ ಗೊತ್ತಾಗುತ್ತದೆ. ಅವನು ಹಲಗೆಯ ಮೇಲೆ ಬೋರಲು ಮಲಗಿದ. ಒಳ್ಳೆಯ ಅಲೆಯೊಂದು ಬಂತು, ಈ ಚಳಿಗಾಲದಲ್ಲೇ ಅಂಥದು ಬಂದಿರಲಿಲ್ಲ, ಅದರ ಮೇಲೆ ಎದ್ದು ನಿಂತರೆ ನಿಲುವಿನಿಂದಲೇ ಗುರುತು ಸಿಗುತ್ತದೆಂದು ಅದನ್ನು ಕೆಳಗಿನಿಂದ ಹೋಗಲು ಬಿಟ್ಟ. ಆಮೇಲೆ ಬಂದದ್ದನ್ನೂ ಬಿಟ್ಟ.

ಇನ್ನರ್ಧ ಗಂಟೆ, ಹೋಗುತ್ತಾರೆ. ಆದರೆ ಕಿಮ್ಚಿಯ ದಿನ ಹೆಂಗಸರಿಗೆ ಅವಸರ ಎಲ್ಲಿಯದು. ಗಾಳಿ ತಿರುಗಿದಾಗ ಅವರ ನಗು ತುಂಡು ತುಂಡಾಗಿ ನೀರಿನ ಮೇಲೆ ಬರುತ್ತಿತ್ತು. ಟೊಪ್ಪಿಯ ಅಂಚಿನಿಂದ ಒಂದೊಂದು ಸಲ ಮುಳುಗಿದಾಗಲೂ ಒಂದೊಂದು ಗುಟುಕು ನೀರು ಬೆನ್ನಹುರಿಗುಂಟ ಇಳಿಯುತ್ತಿತ್ತು. ಅಲೆ ಹಿಡಿಯುವವನಿಗೆ ಚಳಿ ತಾಗುವುದಿಲ್ಲ, ತಾಗುವುದು ಕಾಯುವವನಿಗೆ. ಬೆರಳುಗಳು ಮೊದಲು ಉರಿದವು, ಆಮೇಲೆ ನೋಯತೊಡಗಿದವು, ಆಮೇಲೆ ನೋವು ನಿಂತಿತು. ನೋವು ನಿಂತದ್ದೇ ಕೆಟ್ಟ ಸೂಚನೆ ಎಂದು ಎಷ್ಟು ಜನರಿಗೆ ಅವನು ಹೇಳಿಲ್ಲ. ಮೊಣಕೈಯಿಂದ ಕೆಳಗೆ ಇದ್ದದ್ದು ದೋಣಿಯ ಹುಟ್ಟು, ಕೈಯಲ್ಲ. ತಡೆದುಕೊಂಡಿದ್ದ ಮೂತ್ರವನ್ನು ಉಡುಪಿನೊಳಗೇ ಬಿಟ್ಟ. ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಆ ಬಿಸಿ ತೊಡೆಯಿಂದ ಮೊಣಕಾಲಿಗೆ ಇಳಿದು, ತಾಯಿಯ ಮಗ್ಗುಲಲ್ಲಿ ಮಲಗಿ ಹಾಸಿಗೆ ಒದ್ದೆ ಮಾಡಿಕೊಂಡ ಮಗುವಿನ ಸುಖವನ್ನು ಎರಡು ನಿಮಿಷ ಕೊಟ್ಟು, ಮೊದಲಿಗಿಂತ ತಣ್ಣಗಾಯಿತು. ಕಟ್ಟೆಯ ಮೇಲೆ ಚಾಂಗ್‌ಹೊ ಕಂಡ. ನೀರಿನಿಂದ ಬಲೆಚೀಲಗಳನ್ನು ಎಳೆದು ಗಾಡಿಗೆ ಹಾಕುತ್ತಿದ್ದ. ಬಲಗೈಯಲ್ಲಿ ಎಳೆದು, ಎಡಗೈಯನ್ನು ಕೊಕ್ಕೆಯ ಹಾಗೆ ಮಣಿಕಟ್ಟಿನಿಂದ ಬಳಸುತ್ತಿದ್ದ. ಅವತ್ತು ಅವನೂ ಹೀಗೇ ಕೂತಿದ್ದ, ಇದೇ ನೀರಿನಲ್ಲಿ, ತನ್ನಿಂದ ಹತ್ತು ಮಾರು ಆಚೆ, ಮೂರು ಗಂಟೆ. ಒಂದು ಸಲ "ಭಾವ, ಹೋಗೋಣ್ವಾ?" ಎಂದು ಕೇಳಿದ್ದ. ಹೊಸ ಗ್ಲೌಸಿನೊಳಗೆ ತನ್ನ ಕೈ ಬೆಚ್ಚಗಿತ್ತು, ಎಷ್ಟು ಬೆಚ್ಚಗಿತ್ತೆಂದರೆ ಬೇರೆಯವರ ಕೈಗೆ ಚಳಿಯಾಗಬಹುದೆಂಬ ಸಂಗತಿಯೇ ಮರೆತಿತ್ತು. "ಇನ್ನೊಂದು ಅಲೆ ಕಣೋ" ಅಂದಿದ್ದ. ಹಿರಿಯ ಹೊರಗೆ ಬರುವವರೆಗೆ ಕಿರಿಯ ಹೇಗೆ ಬರುವುದು, ಅವನು ಮತ್ತೆ ಕೇಳಲಿಲ್ಲ. ಆಮೇಲೆ ಗಾಂಗ್ನುಂಗ್‌ನ ಡಾಕ್ಟರು ಆ ಬಿಳಿಚಿದ ಮೂರು ಬೆರಳುಗಳನ್ನು ಸೂಜಿಯಿಂದ ಚುಚ್ಚುತ್ತ, "ಗ್ಲೌಸೊಳಗೆ ನೀರು ನುಗ್ತಾ ಇತ್ತಾ?" ಎಂದು ಕೇಳಿದಾಗ ಚಾಂಗ್‌ಹೊ ಬಾಯಿ ತೆಗೆಯುವ ಮೊದಲೇ ತಾನು "ಇಲ್ಲ, ಗಟ್ಟಿ ಇತ್ತು" ಎಂದಿದ್ದ. ತನ್ನನ್ನು ಕೇಳದೆಯೇ ಹೇಳಿದ್ದ. ಮನೆಗೆ ಬರುವ ದಾರಿಯಲ್ಲಿ, ಹೆದ್ದಾರಿಯ ತಂಗುದಾಣದ ಕಸದ ಡಬ್ಬಿಯಲ್ಲಿ ಆ ಗ್ಲೌಸು ಹಾಕಿ, ಅದರ ಮೇಲೆ ಒಂದು ಕಾಫಿ ಲೋಟವನ್ನೂ ಹಾಕಿದ್ದ. ಸೊಲ್‌ಜಿನ್‌ನಲ್ಲಿ ಹಸಿಮೀನು ಹಚ್ಚುವುದರಲ್ಲಿ ಚಾಂಗ್‌ಹೊನ ಕೈಯೇ ಕೈ ಎನ್ನುತ್ತಿದ್ದರು. ತಟ್ಟೆಯ ಬಣ್ಣ ಕಾಣುವಷ್ಟು ತೆಳ್ಳಗೆ ಹಚ್ಚುತ್ತಿದ್ದ. ಹಚ್ಚುವಾಗ ಮೀನನ್ನು ಒತ್ತಿ ಹಿಡಿಯುವ ಎಡಗೈಗೆ ಸ್ಪರ್ಶದ ಅರಿವಿಲ್ಲದ ಮೇಲೆ ಒಂದು ದಿನ ತಟ್ಟೆಯಲ್ಲಿ ರಕ್ತ ಕಂಡು ಗಿರಾಕಿಯೊಬ್ಬ ಕೂಗಿಕೊಂಡ, ರಕ್ತ ಎಲ್ಲಿಂದ ಬಂತೆಂದು ಚಾಂಗ್‌ಹೊ ಮೀನಿನಲ್ಲಿ ಹುಡುಕುತ್ತಿದ್ದ. ಅವತ್ತಿನಿಂದ ಅವನು ಚಾಕು ಮುಟ್ಟಲಿಲ್ಲ. ಮನೆಯವರದೇ ಹೋಟೆಲಿನಲ್ಲಿ ಈಗ ತಟ್ಟೆ ಎತ್ತುತ್ತಾನೆ. ಊರೆಲ್ಲ ಒಂದೇ ಮಾತು: ಹಟಮಾರಿ, ಅತಿ ಹೊತ್ತು ನೀರಲ್ಲಿದ್ದ. ಆ ಮಾತನ್ನು ತಾನೂ ಆಡಿದ್ದ, ಒಂದು ಸಲ ಅವನ ಎದುರಿಗೇ.

ದಕ್ಷಿಣದ ಕಡೆ ಹೊರಳಿ ಒಂದಷ್ಟು ದೂರ ಕೈ ಹೊಡೆದು ನೋಡಿದ. ಸುಳಿ ಅವನನ್ನು ಎರಡು ಮಾರು ಮುಂದೆ ಬಿಟ್ಟು ಮೂರು ಮಾರು ಹಿಂದಕ್ಕೆ ತಂದಿತು. ಇಲ್ಲಿಂದ ಹೊರಗೆ ಹೋಗಬೇಕಾದರೆ ಹೆಂಡತಿಯ ಕಾಲ ಬುಡಕ್ಕೇ ಹೋಗಬೇಕು. ನಗು ಬರುವಂಥ ಸಂಗತಿ. ನಗಲು ನೋಡಿದರೆ ಮುಖ ಮರದ ಮುಖವಾಗಿತ್ತು. ಆಗಲೇ ಯೋಚನೆಗಳು ಒಂದಕ್ಕೊಂದು ಅಂಟದೆ ಬಿಡಿಯಾಗುತ್ತಿದ್ದವು. ಇಲ್ಲೇ ಇದ್ದುಬಿಟ್ಟರೆ ಎಂಬ ಯೋಚನೆ ಬಂತು, ಭಯವಾಗದೆ ಬಂತು, ಅದು ಭಯವಾಗದೆ ಬಂದದ್ದಕ್ಕೆ ಅವನಿಗೆ ಭಯವಾಯಿತು. ಟಿಲ್ಲರ್ ಮತ್ತೆ ಟಕಟಕ ಎಂದಿತು. ಹೆಂಗಸರು ಗಾಡಿಯ ಹಿಂದೆ ಗೋದಾಮಿನ ತಿರುವಿನಲ್ಲಿ ಮರೆಯಾದರು. ಆದರೆ ಒಬ್ಬ ಹೋಗಲಿಲ್ಲ. ಚಾಂಗ್‌ಹೊ ಬೋರಲು ಹಾಕಿದ ಮೀನಿನ ಬುಟ್ಟಿಯ ಮೇಲೆ ಕೂತು, ಉಳಿದ ಒಂದು ಬಲೆಚೀಲವನ್ನು ಕಾಲ ಬಳಿ ಇಟ್ಟುಕೊಂಡು, ನೇರವಾಗಿ ಕಡಲ ಕಡೆ ನೋಡುತ್ತಿದ್ದ.

ತೇಸಿಕ್ ದಡಕ್ಕೆ ಬಂದದ್ದು ತಾನಾಗಿ ಅಲ್ಲ. ಹಿಂದಿನಿಂದ ಬಂದ ಅಲೆಯೊಂದು ಹಲಗೆಯನ್ನು ಮಗುಚಿತು. ಅಂಚು ಹಿಡಿಯಲು ಹೋದ ಕೈ ಹಿಡಿಯಲಿಲ್ಲ. ಕಾಲಿಗೂ ಹಲಗೆಗೂ ಕಟ್ಟಿದ ಹಗ್ಗ ಎಳೆದ ಕಡೆಗೆ ಉರುಳಿಕೊಂಡು, ಮರಳು ಕುಡಿದು, ಇಳಿಜಾರಿನ ಪಾಚಿಯ ಮೇಲೆ ಮೊಣಕಾಲೂರಿದಾಗ, ಮೊಣಕಾಲಿನವರೆಗೆ ರಬ್ಬರ್ ಬೂಟು ತೊಟ್ಟವನೊಬ್ಬ ನೀರಿಗೆ ಇಳಿದು ಬಂದು ಅವನ ಕತ್ತಿನ ಪಟ್ಟಿಗೆ ಕೈ ಹಾಕಿ ಎಳೆದ.

"ಏಳಿ ಭಾವ. ಏಳಿ. ಕಾಲು ಊರಿ."

"ನೀನು... ಯಾವಾಗ ನೋಡಿದೆ?"

"ಬಂದ ಕೂಡ್ಲೇ. ಆ ಹಳದಿ ಹಲಗೆ ಊರಲ್ಲಿ ಇನ್ಯಾರ್ದಿದೆ?" ಚಾಂಗ್‌ಹೊ ಅವನ ಕಾಲಿನ ಹಗ್ಗ ಬಿಚ್ಚಿ, ಹಲಗೆಯನ್ನು ಕಟ್ಟೆಯ ಮೇಲಕ್ಕೆ ಎಳೆದು ಬಿಟ್ಟು, ಅವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡ. "ಇವತ್ತು ಅಕ್ಕ ಕನ್ನಡಕ ಮರೆತು ಬಂದಿದ್ಳು, ನಿಮ್ಮ ಅದೃಷ್ಟ. ಅಮ್ಮ ಅಂದ್ಳು, ಯಾವನೋ ನೋಡೋ ಪಾಪ, ಕೂತೇ ಇದ್ದಾನೆ, ಸತ್ತನೋ ಏನೋ ಅಂತ. ಪರವಾಗಿಲ್ಲ ಅಲ್ಲಾಡ್ತಿದ್ದಾನೆ ಅಂದೆ."

ವ್ಯಾನಿನ ಹತ್ತಿರ ಬಂದರು. ಗಾಳಿ ಗೋದಾಮಿನ ಮೂಲೆ ತಿರುಗಿ ಶಿಳ್ಳೆ ಹಾಕುತ್ತಿತ್ತು, ಉಡುಪಿನ ಮೇಲಿನ ನೀರು ಆಗಲೇ ಗರಿಗರಿಯಾಗತೊಡಗಿತ್ತು. ಬೀಗದ ಕೈಯನ್ನು ಚಕ್ರದ ಒಳಗೆ ನಂಬರಿನ ಪೆಟ್ಟಿಗೆಯಲ್ಲಿ ಇಡುವುದು ಅವನ ಪದ್ಧತಿ. ತೇಸಿಕ್ ಬಗ್ಗಿ ಪೆಟ್ಟಿಗೆಯ ಸಣ್ಣ ನಂಬರುಚಕ್ರಗಳ ಮೇಲೆ ಬೆರಳಿಟ್ಟ. ಬೆರಳುಗಳು ಅವುಗಳ ಮೇಲೆ ಕೂತವು, ಅಷ್ಟೆ. ತಿರುಗು ಎಂದು ಹೇಳಿದ ಆಜ್ಞೆ ಮೊಣಕೈ ದಾಟಿ ಎಲ್ಲೋ ಕಳೆದುಹೋಗುತ್ತಿತ್ತು. ಚಾಂಗ್‌ಹೊ ಅವನನ್ನು ಪಕ್ಕಕ್ಕೆ ಸರಿಸಿ, ನಂಬರು ಕೇಳಿ, ಬಲಗೈಯಿಂದ ತಿರುಗಿಸಿ ಬಾಗಿಲು ತೆಗೆದ. ಆಮೇಲೆ ಎದೆಯ ಮೇಲಿನ ಜಿಪ್ಪು. ಅದಕ್ಕೆ ಎರಡು ಕೈ ಬೇಕು, ಒಂದು ರಬ್ಬರನ್ನು ಬಿಗಿಯಾಗಿ ಹಿಡಿಯಲು, ಇನ್ನೊಂದು ಎಳೆಯಲು. ಅಲೆಯಲ್ಲಿ ಉರುಳಿದಾಗ ಜಿಪ್ಪಿನ ಹಲ್ಲುಗಳಲ್ಲಿ ಮರಳು ಸಿಕ್ಕಿತ್ತು. ಚಾಂಗ್‌ಹೊ ಎಡಗೈಯಿಂದ ರಬ್ಬರು ಹಿಡಿದ, ಎಳೆದ, ಎಡಗೈ ಜಾರಿತು. ಮತ್ತೆ ಹಿಡಿದ. ಹಿಡಿದದ್ದು ಗಟ್ಟಿಯಾಯಿತೋ ಇಲ್ಲವೋ ಎಂದು ತಿಳಿಯಲು ಅವನು ಪ್ರತಿ ಸಲವೂ ತನ್ನ ಬೆರಳುಗಳನ್ನು ಕಣ್ಣಿನಿಂದ ನೋಡಬೇಕಿತ್ತು, ನೋಡಿ, ಒತ್ತಿ, ಎಳೆದ, ಜಾರಿತು. ಅವನು ಬೈಯಲಿಲ್ಲ. ಕೆಳತುಟಿಯನ್ನು ಕಚ್ಚಿಕೊಂಡು, ಹೊಲಿಗೆ ಕಲಿಯುವ ಹುಡುಗಿಯ ಹಾಗೆ, ತಲೆ ತಗ್ಗಿಸಿ ಮತ್ತೆ ಮತ್ತೆ ಪ್ರಯತ್ನಿಸಿದ. ಅವನ ನೆತ್ತಿ ತೇಸಿಕ್‌ನ ಮೂಗಿನ ಕೆಳಗೇ ಇತ್ತು, ಬೆಳ್ಳುಳ್ಳಿ ಖಾರದ ವಾಸನೆ ಬರುತ್ತಿತ್ತು. ಐದನೆಯ ಸಲವೋ ಆರನೆಯ ಸಲವೋ ಆ ಬೆರಳುಗಳು ಎದೆಯ ಮೇಲಿಂದ ಜಾರಿದಾಗ ತೇಸಿಕ್‌ನ ಬಾಯಿಂದ ಮಾತು ಬಂದುಬಿಟ್ಟಿತು. ತಾನು ಹೇಳುತ್ತಿದ್ದೇನೆ ಎನ್ನಿಸಲಿಲ್ಲ, ಚಳಿಗೆ ಹಲ್ಲು ಕಟಕಟ ಎನ್ನುವಂತೆ ಅದು ತಾನಾಗಿ ಆಯಿತು.

"ಆ ಗ್ಲೌಸು ಹರಿದಿತ್ತು ಕಣೋ."

"ಯಾವ ಗ್ಲೌಸು?"

"ನಿಂಗೆ ಕೊಟ್ಟಿದ್ದು. ಎಡಗೈದು. ಹೆಬ್ಬೆರಳ ಹತ್ರ."

ಚಾಂಗ್‌ಹೊ ತಲೆಯೆತ್ತಲಿಲ್ಲ. ಕೈ ಮಾತ್ರ ನಿಂತಿತು.

"ನೀರಲ್ಲಿ ಹರೀತಾ?"

"ಇಲ್ಲ. ಮುಂಚೆನೇ. ನಂಗೆ ಗೊತ್ತಿತ್ತು. ಎರಡು ಸಲ ಅಂಟು ಹಾಕಿದ್ದೆ."

ಗೋದಾಮಿನೊಳಗೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಗರ್ರೆಂದು ಶುರುವಾಗಿ ನಿಂತಿತು. ಚಾಂಗ್‌ಹೊ ನಿಧಾನವಾಗಿ ನೆಟ್ಟಗಾದ. ಅವನ ಮುಖದಲ್ಲಿ ಸಿಟ್ಟನ್ನು ಹುಡುಕಿದ ತೇಸಿಕ್; ಸಿಟ್ಟು ಕಂಡರೆ ಅದರ ಕಾಲಿಗೆ ಬೀಳಬಹುದಿತ್ತು. ಕಂಡದ್ದು ಬೇರೆ. ಹೊತ್ತುಕೊಂಡು ಹೋಗುತ್ತಿದ್ದ ಭಾರವನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ದಾರಿಯಲ್ಲಿ ನಿಂತವನ ಮುಖ.

"ಇದನ್ನ ನಂಗ್ಯಾಕೆ ಹೇಳಿದ್ರಿ ಭಾವ?"

"ಎರಡು ವರ್ಷದಿಂದ ನಂಗೆ..."

"ನಿಮಗೆ. ಹೂಂ." ಅವನು ಎಡಗೈಯನ್ನು ಬಲಗೈಯಿಂದ ಹಿಡಿದು ನೋಡಿಕೊಂಡ, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ. "ಎರಡು ವರ್ಷ ನಾನು ಕಡಲನ್ನ ಬೈಕೊಂಡಿದ್ದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೇ ಒಂದು ಸಲ ಬೈತಿದ್ದೆ. ಕಡಲಿಗೇನು, ಬೈಸ್ಕೊಳತ್ತೆ. ನಾನೇ ದಡ್ಡ ಅಂತ ನನ್ನನ್ನೂ ಬೈಕೋತಿದ್ದೆ. ಅದೂ ಅಭ್ಯಾಸ ಆಗೋಗಿತ್ತು. ಈಗ ಯಾರನ್ನ ಬೈಲಿ ಹೇಳಿ? ಅಕ್ಕನ ಗಂಡನ್ನ ಬೈದು ಹಬ್ಬಕ್ಕೆ ಯಾರ ಎದುರಿಗೆ ಕೂತು ಉಣ್ಲಿ? ಅಮ್ಮನಿಗೆ ಗೊತ್ತಾದ್ರೆ ನಿಮ್ಮನ್ನ ಹೊಸ್ತಿಲು ದಾಟ್ಸಲ್ಲ. ಅಕ್ಕ ಎಲ್ಲಿಗೆ ಹೋಗ್ಬೇಕು?"

"ನಾನೇ ಹೇಳ್ತೀನಿ. ಇವತ್ತೇ ಎಲ್ಲರ ಎದುರಿಗೆ..."

"ಸುಮ್ನಿರಿ." ಮೊದಲ ಸಲ ಅವನ ದನಿ ಏರಿತು. "ಸಾಕು ಹೇಳಿದ್ದು. ಹೇಳ್ಬಿಟ್ಟು ಹಗುರಾಗೋದು ನೀವು. ಯಾರಿಗೂ ಹೇಳ್ಕೂಡ್ದು. ಕೇಳಿಸ್ತಾ? ಯಾರಿಗೂ."

ತೇಸಿಕ್ ತಲೆಯಾಡಿಸಿದ. ಚಾಂಗ್‌ಹೊ ಜಿಪ್ಪಿನ ಕಡೆ ನೋಡಿದ. ಇನ್ನೊಂದು ಸಲ ಎಳೆದು ನೋಡಬಹುದಿತ್ತು. ವ್ಯಾನಿನಲ್ಲಿ ಇಕ್ಕಳವಿತ್ತು, ಅದು ಎಲ್ಲಿದೆಯೆಂದು ಅವನಿಗೂ ಗೊತ್ತಿತ್ತು. ಸೀಟಿನ ಮೇಲೆ ಎರಡು ಫ್ಲಾಸ್ಕುಗಳು ಪಕ್ಕಪಕ್ಕ ನಿಂತಿದ್ದವು. ಅವನು ವ್ಯಾನಿನ ಬಾಗಿಲು ಹಾಕಿದ.

"ನನ್ನ ಕೈಲಿ ಆಗಲ್ಲ. ಅಮ್ಮನ ಹತ್ರ ಹೋಗೋಣ, ನಡೀರಿ."

ಮುನ್ನೂರು ಹೆಜ್ಜೆ. ಚಾಂಗ್‌ಹೊ ಒಂದು ಹೆಗಲ ಮೇಲೆ ಕೋಸಿನ ಬಲೆಚೀಲ, ಇನ್ನೊಂದು ಹೆಗಲಲ್ಲಿ ಭಾವನ ತೋಳು ಹೊತ್ತು ನಡೆದ. ತೇಸಿಕ್‌ನಿಗೆ ಕಾಲು ನೆಲಕ್ಕೆ ತಾಗುತ್ತಿರುವುದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು. ಹಗುರಾಗಿದ್ದೇನೆಯೇ ಎಂದು ತನ್ನೊಳಗೆ ಹುಡುಕಿ ನೋಡಿದ. ಎರಡು ವರ್ಷ ಒಬ್ಬನೇ ಕೂತಿದ್ದ ಕೋಣೆಗೆ ಇನ್ನೊಬ್ಬನನ್ನು ಎಳೆದು ಒಳಗಿನಿಂದ ಚಿಲಕ ಹಾಕಿದಂತಾಗಿತ್ತು, ಅಷ್ಟೆ. ಹಿತ್ತಲಿನ ಗೇಟು ದಾಟಿದಾಗ ನೀಲಿ ತಾಡಪಾಲಿನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದ ಹೆಂಗಸರ ಮಾತು ಒಂದೇ ಸಲಕ್ಕೆ ನಿಂತಿತು. ತಾಡಪಾಲಿನ ಮೇಲೆ ಖಾರದ ಗುಡ್ಡೆ ಕೆಂಪಗೆ ಹೊಳೆಯುತ್ತಿತ್ತು. ಉನ್‌ಜು ಒಂದು ಕೋಸಿನ ಎಲೆಗಳನ್ನು ಬಿಡಿಸಿ ಖಾರ ಹಚ್ಚುತ್ತಿದ್ದವಳು ಕೈ ಹಾಗೇ ಹಿಡಿದು ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು, ಆಮೇಲೆ ಕಣ್ಣು ಕಿರಿದು ಮಾಡುವ ಅಗತ್ಯವಿಲ್ಲವೆಂಬಂತೆ ನೋಡಿದಳು.

ಪಕ್ಕದ ಮನೆಯ ಮುದುಕಿಯೇ ಮೊದಲು ಬಾಯಿ ತೆಗೆದದ್ದು. "ಅಯ್ಯೋ ನಮ್ಮವ್ವ, ಚುಂಚನ್‌ಗೂ ಕಡಲು ಬಂತೇನೇ?"

ನಗು ಹಿತ್ತಲು ತುಂಬ ಒಡೆಯಿತು. ಗುಲಾಬಿ ಗ್ಲೌಸಿನ ಕೈಗಳು ತೊಡೆ ತಟ್ಟಿಕೊಂಡವು, ಒಬ್ಬಳು ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಕಿರುಚಿದಳು. ಉನ್‌ಜು ನಗಲಿಲ್ಲ. ಬುತ್ತಿಯ ನೆನಪು ಅವಳ ಮುಖದಲ್ಲಿ ಹಾದುಹೋದದ್ದನ್ನು ಅವನು ಕಂಡ. ಅವಳು ಮತ್ತೆ ತಲೆ ತಗ್ಗಿಸಿ ಕೋಸಿನ ಇನ್ನೊಂದು ಎಲೆ ಬಿಡಿಸಿದಳು. ಅತ್ತೆ ಮಾಲ್‌ಸುನ್ ಮಾತ್ರ ಹಂಡೆಯ ಬಳಿಯಿಂದ ಎದ್ದು ಬಂದು ಅಳಿಯನ ತುಟಿ ನೋಡಿದಳು, ಕೈ ಹಿಡಿದು ಅಂಗೈ ಒತ್ತಿ ಬಣ್ಣ ಮರಳುತ್ತದೆಯೇ ಎಂದು ನೋಡಿದಳು. ಹದಿನಾಲ್ಕನೆಯ ವಯಸ್ಸಿನಿಂದ ಅರವತ್ತೆಂಟರವರೆಗೆ ಈ ಕಡಲಿನ ತಳದಿಂದ ಚಿಪ್ಪು ಕಿತ್ತು ತಂದವಳು ಅವಳು, ರಬ್ಬರ್ ಉಡುಪು ಬರುವ ಮೊದಲು ಬರೀ ಹತ್ತಿಯ ಬಟ್ಟೆಯಲ್ಲಿ ಮುಳುಗಿದವಳು.

"ನಗು ಆಮೇಲೆ ನಕ್ಕೊಳ್ರೇ. ಕತ್ತರಿ ಕೊಡು."

"ಅತ್ತೆ, ಬೇಡಿ, ಜಿಪ್ಪು ಸ್ವಲ್ಪ..."

"ಅಳಿಯಂದ್ರೇ, ಜೀವ ದೊಡ್ಡದಾ, ಈ ರಬ್ಬರ್ ದೊಡ್ಡದಾ? ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ."

ಮೀನಿನ ರೆಕ್ಕೆ ಕತ್ತರಿಸುವ ಕತ್ತರಿಯ ತಣ್ಣನೆಯ ಮೂತಿ ಅವನ ಗಂಟಲ ಕೆಳಗೆ ಹೊಕ್ಕಿತು. ಅವಳು ಒಂದೇ ಸಮನೆ, ಹೊಟ್ಟೆ ಸೀಳುವ ಅಭ್ಯಾಸದ ಕೈಯಿಂದ, ಹೊಕ್ಕುಳವರೆಗೆ ಕತ್ತರಿಸಿದಳು. ಉಡುಪು ಬಾಯಿ ಬಿಟ್ಟಿತು, ಹಬೆ ಎದ್ದಿತು, ಹಬೆಯ ಜೊತೆಗೆ ವಾಸನೆಯೂ ಎದ್ದಿತು. ಹೆಂಗಸರು ಮೂಗು ತಿರುಗಿಸಿ ಮತ್ತೆ ನಗಲು ಶುರು ಮಾಡಿದರು. ಅವನು ಹೆಂಡತಿಯ ಕಡೆ ನೋಡದಿರಲು ಆಕಾಶ ನೋಡಿದ, ಹಿಮ ಬೀಳುವ ಬಣ್ಣದ ಆಕಾಶ.

"ಏನು ನಗ್ತೀರೇ, ನೀವು ಹೊಯ್ಕೊಂಡಿಲ್ವಾ?" ಎಂದಳು ಅತ್ತೆ. "ನಾವೆಲ್ಲ ಅದರಲ್ಲೇ ಬೆಚ್ಚಗಿದ್ದು ಮಕ್ಕಳನ್ನ ಸಾಕಿದ್ದು. ಲೇ ಉನ್‌ಜು, ಹೋಗಿ ನನ್ನ ಪಾಯಿಜಾಮ ತಾ, ಹೂವಿಂದು, ದಪ್ಪಂದು. ಬೆಂಕಿ ಹತ್ರ ಕೈ ಒಡ್ಬೇಡಿ ಅಳಿಯಂದ್ರೇ, ಸೀದ್ರೂ ಗೊತ್ತಾಗಲ್ಲ. ಒಳಗೆ ನಡೀರಿ, ಮೊದ್ಲು ಹೊಟ್ಟೆ ಬೆಚ್ಚಗಾಗ್ಲಿ, ಕೈ ತಾನೇ ಬರತ್ತೆ."

ಒಳಗೆ, ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ, ಅತ್ತೆಯ ಹೂವಿನ ಪಾಯಿಜಾಮ ತೊಟ್ಟು, ಎರಡು ರಜಾಯಿ ಹೊದ್ದು ಕೂತಾಗ ನಡುಕ ಬಂತು. ಅಲ್ಲಿಯವರೆಗೆ ನಡುಗುವುದಕ್ಕೂ ಮೈಯಲ್ಲಿ ಶಕ್ತಿಯಿರಲಿಲ್ಲ. ಹೊಟ್ಟೆಯ ಆಳದಿಂದ ಎದ್ದ ನಡುಕ ಭುಜ, ಕತ್ತು ಹತ್ತಿ ದವಡೆಗೆ ಬಂದು ಹಲ್ಲುಗಳನ್ನು ಹಿಡಿದು ಕುಟ್ಟತೊಡಗಿತು. ಅತ್ತೆ ಎದುರಿಗೆ ಕೂತು ಅವನ ಎರಡೂ ಅಂಗೈಗಳನ್ನು ತನ್ನ ಅಂಗಿಯ ಕೆಳಗೆ, ಬರಿಯ ಹೊಟ್ಟೆಯ ಮೇಲೆ ಒತ್ತಿ ಹಿಡಿದುಕೊಂಡಳು. ಹೆತ್ತ ತಾಯಿಯೂ ಅವನಿಗೆ ಹಾಗೆ ಮಾಡಿದ್ದು ನೆನಪಿರಲಿಲ್ಲ. ಆ ಹೊಟ್ಟೆಯ ಬಿಸಿ ಅವನಿಗೆ ತಾಗುತ್ತಿರಲಿಲ್ಲ, ಬಿಸಿಯೆಂದು ಊಹಿಸಿಕೊಂಡ. ಕೈ ಎಳೆದುಕೊಳ್ಳಬೇಕೆನಿಸಿತು. ಅವಳು ಬಿಡಲಿಲ್ಲ. ಬಾಗಿಲು ಹಿತ್ತಲಿಗೆ ತೆರೆದಿತ್ತು, ಹೆಂಗಸರು ಅಲ್ಲಿಂದಲೇ ಇಣುಕಿ ಮಾತಾಡುತ್ತಿದ್ದರು.

"ಚಾಂಗ್‌ಹೊ, ನೀನು ಕಟ್ಟೆ ಮೇಲಿಂದ್ಲೇ ಇವರನ್ನ ನೋಡಿದ್ಯಾ?" ಉನ್‌ಜು ಕೇಳುತ್ತಿದ್ದಳು.

"ನೋಡ್ದೆ."

"ಮತ್ಯಾಕೋ ಕೂಗ್ಲಿಲ್ಲ?"

"ಕೂಗಿದ್ರೆ ನಾಚ್ಕೋತಾರೆ ಅಂತ."

ಅತ್ತೆ ನಿಟ್ಟುಸಿರು ಬಿಟ್ಟಳು. "ಏನೋ, ಹೊತ್ತಿಗೆ ಸರಿಯಾಗಿ ಹೊರಗೆ ಬಂದ್ರಲ್ಲ. ಅಷ್ಟು ಬುದ್ಧಿ ಇತ್ತಲ್ಲ. ನನ್ನ ಮಗನಿಗೆ ಅವತ್ತು ಇದರಲ್ಲಿ ಅರ್ಧ ಬುದ್ಧಿ ಇದ್ದಿದ್ರೆ, ಇವತ್ತು ಈ ಮನೇಲಿ ಮೀನು ಹಚ್ಚೋಕೆ ಕೂಲಿಯವನನ್ನ ಇಟ್ಕೋಬೇಕಿತ್ತಾ?"

ತೇಸಿಕ್‌ನ ಬೆರಳುಗಳಲ್ಲಿ ಜೀವ ಮರಳತೊಡಗಿತ್ತು, ಉಗುರಿನ ಬುಡಗಳಲ್ಲಿ ಒಂದೊಂದಾಗಿ ಮೊಳೆ ಇಳಿಯುತ್ತಿತ್ತು. ಅವಳ ಹೊಟ್ಟೆಯ ಬಿಸಿ ಈಗ ನಿಜವಾಗಿ ತಾಗಿತು, ಉಸಿರಾಡಿದಾಗ ಅದು ಏಳುವುದು ಇಳಿಯುವುದು ತಾಗಿತು. ತಾನು ಮಾತಾಡದಿದ್ದರೂ ಈಗ ಚಾಂಗ್‌ಹೊ ಮಾತಾಡಿಬಿಡಲಿ ಎಂದು ಅವನು ಬೇಡಿಕೊಂಡ. ಮಾತಾಡದಿರಲಿ ಎಂದೂ ಬೇಡಿಕೊಂಡ.

"ಹೌದಮ್ಮ," ಎಂದ ಚಾಂಗ್‌ಹೊ ಹೊರಗಿನಿಂದ. "ನಾನೇ ದಡ್ಡ."

ಆಮೇಲೆ ಅವನು ಒಳಗೆ ಬಂದ. ಬಲಗೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ಹಂಡೆಯಿಂದ ಆಗತಾನೆ ತೆಗೆದ ಮಾಂಸದ ತುಂಡುಗಳು, ಉನ್‌ಜು ಖಾರ ಹಚ್ಚಿದ ಹೊಸ ಕಿಮ್ಚಿ. ಮೊದಲ ಕೋಸಿನ ತುತ್ತನ್ನು ಮನೆಯವರ ಬಾಯಿಗೆ ಕೈಯಾರೆ ಇಡುವುದು ಈ ದಿನದ ಪದ್ಧತಿ. ಅವನು ತಟ್ಟೆಯನ್ನು ನೆಲಕ್ಕಿಟ್ಟು ಭಾವನ ಎದುರು ಮೊಣಕಾಲೂರಿದ. ಎಲೆಯ ಮೇಲೆ ಮಾಂಸದ ತುಂಡಿಟ್ಟು, ಮೇಲೊಂದು ಉಪ್ಪುಸೀಗಡಿ ಇಟ್ಟು ಸುತ್ತಿದ. ಸುತ್ತಿದ್ದನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡ.

"ಬಾಯಿ ತೆಗೀರಿ ಭಾವ."

ತೇಸಿಕ್‌ನ ಕೈಗಳು ಅತ್ತೆಯ ಅಂಗಿಯೊಳಗೆ ಸೆರೆಯಾಗಿದ್ದವು. ಅವನು ಬಾಯಿ ತೆಗೆದ. ತುತ್ತು ದೊಡ್ಡದಿತ್ತು. ಚಾಂಗ್‌ಹೊ ಅದನ್ನು ಒತ್ತಿದ, ತುತ್ತಿನ ಜೊತೆಗೆ ಮೂರು ಬೆರಳುಗಳೂ ಒಳಗೆ ಬಂದವು, ನಾಲಗೆಯ ಮೇಲೆ, ಗೆಣ್ಣಿನವರೆಗೆ, ತಣ್ಣಗೆ, ಉಪ್ಪಗೆ. ಬಂದವು ಹಿಂದೆ ಹೋಗಲಿಲ್ಲ. ಯಾವ ಕೆಲಸ ಮಾಡುವಾಗಲೂ ಕಣ್ಣಿಂದ ನೋಡಿಯೇ ಆ ಬೆರಳುಗಳ ಜಾಗ ತಿಳಿಯಬೇಕಾದ ಚಾಂಗ್‌ಹೊ ಈಗ ಅವುಗಳ ಕಡೆ ನೋಡುತ್ತಿರಲಿಲ್ಲ. ಭಾವನ ಕಣ್ಣುಗಳನ್ನೇ ನೋಡುತ್ತಿದ್ದ. ದವಡೆ ನಡುಗುತ್ತಿತ್ತು. ತೇಸಿಕ್ ಮೈಯ ಶಕ್ತಿಯನ್ನೆಲ್ಲ ತಂದು ದವಡೆಗೆ ಹಾಕಿ ಅದನ್ನು ಮೇಲೆ ಕೆಳಗೆ ಬಿಡಿಯಾಗಿ ಹಿಡಿದ. ಜೊಲ್ಲು ಗಲ್ಲದ ಮೇಲೆ ಇಳಿಯಿತು, ಖಾರ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು.

"ಅಗೀರಿ," ಎಂದಳು ಉನ್‌ಜು ಬಾಗಿಲಲ್ಲಿ ನಿಂತು. ಎಲ್ಲರೆದುರು ಅವನಿಗೆ ಅವಳಾಡಿದ ಮೊದಲ ಮಾತು ಅದು. "ಯಾಕೆ ಹಾಗೇ ಕೂತಿದ್ದೀರಿ? ಅಗೀರಿ."

ಹೊಟ್ಟೆಯಿಂದ ಇನ್ನೊಂದು ನಡುಕ ಎದ್ದು ಬರುತ್ತಿರುವುದು ಅವನಿಗೆ ತಿಳಿಯಿತು, ಅಲೆ ಬರುವುದು ದೂರದಿಂದಲೇ ತಿಳಿಯುವ ಹಾಗೆ. ತಡೆಯಲಾಗಲಿಲ್ಲ. ಹಲ್ಲುಗಳು ಒಂದು ಸಲ ಕಟಕ್ಕೆಂದು ಕೆಳಗೆ ಬಂದವು. ಎಷ್ಟು ಜೋರಾಗಿ ಬಂದವು, ಯಾವುದರ ಮೇಲೆ ಬಂದವು, ಮರಗಟ್ಟಿದ ಬಾಯಿಗೆ ಗೊತ್ತಾಗಲಿಲ್ಲ. ಚಾಂಗ್‌ಹೊನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಖಾರ ಜಾಸ್ತಿ ಆಯ್ತಾ ಭಾವ?" ಎಂದು ಅವನು ಮೆಲ್ಲಗೆ ಕೇಳಿದ.

ಹೆಂಗಸರು ಮತ್ತೆ ನಗಲು ಶುರು ಮಾಡಿದರು. ಬೆರಳುಗಳು ಇನ್ನೂ ಬಾಯೊಳಗೇ ಇದ್ದವು. ತೇಸಿಕ್ ಹೌದೆಂದೂ ಅನ್ನಲಾರದೆ ಇಲ್ಲವೆಂದೂ ಅನ್ನಲಾರದೆ ಅವನನ್ನೇ ನೋಡುತ್ತ ಕೂತ.